ದೇವರ ಕೋಣೆಯ ಗಣಿತದ ಕಟ್ಟು

೧೯೯೬ರ ಏಪ್ರಿಲ್ ೧೭, ಬುಧವಾರ. ಮಧ್ಯಾಹ್ನ ಒಂದೂವರೆಗೆ ವಡೋದರಾದ ಕಾರೇಲಿಬಾಗ್ ಕಡೆಯ ಪೊಲೀಸ್ ಠಾಣೆಗೆ ಗಣಿತದ ಮೇಷ್ಟ್ರೊಬ್ಬರು ಬರಿಗಾಲಲ್ಲಿ ಬಂದರು. ಆ ಬಿಸಿಲಲ್ಲಿ ಡಾಂಬರು ರಸ್ತೆಯ ಮೇಲೆ ನಾಯಿಯೂ ಕಾಲಿಡುತ್ತಿರಲಿಲ್ಲ. ಮೇಷ್ಟ್ರಿಗೆ ಕಾಲು ಸುಟ್ಟದ್ದು ಗೊತ್ತಾಗಿರಲಿಲ್ಲ. ಹೆಸರು ಲಕ್ಷ್ಮೀನಾರಾಯಣ ಭಟ್. ಉಡುಪಿ ಕಡೆಯವರು, ವಡೋದರಾಕ್ಕೆ ಬಂದು ಇಪ್ಪತ್ತು ವರ್ಷವಾಗಿತ್ತು.

ಚುನಾವಣೆಯ ಬಂದೋಬಸ್ತಿಗೆಂದು ಅರ್ಧ ಠಾಣೆ ಖಾಲಿಯಾಗಿತ್ತು. ಉಳಿದವರಲ್ಲಿ ಇನ್ಸ್‌ಪೆಕ್ಟರ್ ಹಯವದನ ದೇಸಾಯಿ ಮತ್ತು ಹೆಡ್ ಕಾನ್‌ಸ್ಟೇಬಲ್ ರಣಛೋಡ್ ಸೋಲಂಕಿ ಇದ್ದರು. ದೇಸಾಯಿ ಎಂಬ ಅಡ್ಡಹೆಸರು ಕೇಳಿ ಗುಜರಾತಿಗಳೆಲ್ಲ ಆತ ತಮ್ಮವನೇ ಎಂದುಕೊಂಡಿದ್ದರು. ಆತ ಬಾಗಲಕೋಟೆ ಕಡೆಯ ರೈಲ್ವೆ ಗಾರ್ಡನ ಮಗ. ಹುಟ್ಟಿದ್ದು ಅಲ್ಲಿ, ಬೆಳೆದದ್ದು ವಡೋದರಾದ ಪ್ರತಾಪನಗರದ ರೈಲ್ವೆ ಕ್ವಾರ್ಟರ್ಸಿನಲ್ಲಿ.

ಭಟ್ಟರು ಹೇಳಿದ್ದಿಷ್ಟು. ಪರೀಕ್ಷಾ ಮಂಡಳಿಯು ಅವರಿಗೆ ಮೌಲ್ಯಮಾಪನಕ್ಕೆಂದು ಹನ್ನೆರಡನೆಯ ತರಗತಿಯ ಗಣಿತದ ನೂರರವತ್ತು ಉತ್ತರಪತ್ರಿಕೆಗಳನ್ನು ಕೊಟ್ಟಿತ್ತು. ತಿದ್ದಿ ಮುಗಿಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದರು. ಶನಿವಾರ ಮಂಡಳಿಗೆ ಒಪ್ಪಿಸಬೇಕಿತ್ತು. ಬೆಳಿಗ್ಗೆ ಅವರು ಶಾಲೆಗೆ ಹೋಗಿದ್ದಾಗ, ಹೆಂಡತಿ ಪ್ರತಿ ಬುಧವಾರದ ಭಜನೆಗೆ ಹೋಗಿದ್ದಾಗ, ಹತ್ತರಿಂದ ಹನ್ನೆರಡರ ಒಳಗೆ ಆ ಕಟ್ಟು ಮಾಯವಾಗಿತ್ತು.

"ಬ್ಯಾರೆ ಏನರ ಹೋಗ್ಯದೇನು?" ದೇಸಾಯಿ ಕನ್ನಡದಲ್ಲಿ ಕೇಳಿದ.

ಭಟ್ಟರು ಬೆಚ್ಚಿ ತಲೆ ಎತ್ತಿದರು. "ನೀವು ಕನ್ನಡದವರಾ ಸಾರ್? ಎಂತದೂ ಹೋಗ್ಲಿಲ್ಲ. ಬೆಳ್ಳಿ ದೀಪ ಅಲ್ಲೇ ಉಂಟು."

"ಯಾರ ಮ್ಯಾಲೆ ಸಂಶಯ?"

"ಮನೆ ಕೆಲಸದ ಶಾಂತಾ ಬೆನ್. ಬೇರೆ ಯಾರಿಗೂ ನಮ್ಮ ಕೀಲಿಕೈ ಇಡುವ ಜಾಗ ಗೊತ್ತಿಲ್ಲ."

ಎಫ್‌ಐಆರ್ ದಾಖಲಾಯಿತು. ಭಾರತೀಯ ದಂಡ ಸಂಹಿತೆಯ ೪೫೪ ಮತ್ತು ೩೮೦ನೆಯ ಕಲಂಗಳು: ಮನೆಯೊಳಗೆ ಅಕ್ರಮ ಪ್ರವೇಶ ಮತ್ತು ಕಳವು.

ಎರಡೂವರೆಗೆ ಸ್ಥಳ ಪಂಚನಾಮೆ. ಹೌಸಿಂಗ್ ಸೊಸೈಟಿಯ ನೆಲಮಹಡಿಯ ಮನೆ. ಬೀಗ ಒಡೆದಿರಲಿಲ್ಲ. ಕೀಲಿಕೈ ಎಂದಿನಂತೆ ತುಳಸಿ ಕುಂಡದ ಹಿಂದೆಯೇ ಇತ್ತು. ಕಳ್ಳ ಅದರಿಂದಲೇ ಬಾಗಿಲು ತೆಗೆದು, ಮತ್ತೆ ಬೀಗ ಹಾಕಿ, ಅದೇ ಜಾಗದಲ್ಲಿಟ್ಟು ಹೋಗಿದ್ದ. ಕಪಾಟು, ಹಾಸಿಗೆ, ಮೇಜು ಯಾವುದನ್ನೂ ಮುಟ್ಟಿರಲಿಲ್ಲ.

ಕಟ್ಟು ಇದ್ದದ್ದು ದೇವರ ಕೋಣೆಯಲ್ಲಿ. ಉತ್ತರಪತ್ರಿಕೆಯೆಂದರೆ ಸರಸ್ವತಿ, ಅದನ್ನು ಕಂಡ ಕಂಡಲ್ಲಿ ಇಡಬಾರದು ಎಂದು ಭಟ್ಟರು ಪ್ರತಿ ವರ್ಷವೂ ಕಟ್ಟನ್ನು ಒಳಗಿನ ಮಣೆಯ ಮೇಲೆ ಇಡುತ್ತಿದ್ದರು. ಮಣೆಯ ಮುಂದೆ ಭಟ್ಟರ ಹೆಂಡತಿ ರಮಾಮಣಿ ಬೆಳಿಗ್ಗೆ ಹಾಕಿದ ರಂಗೋಲಿ ಇತ್ತು. ಆ ರಂಗೋಲಿ ಮಣೆಯಿಂದ ಹೊಸ್ತಿಲವರೆಗೆ ಒಂದೇ ಪಟ್ಟಿಯಾಗಿ ಅಳಿಸಿಹೋಗಿತ್ತು. ಉಳಿದ ಕಡೆ ಪುಡಿ ಅಲುಗಿರಲಿಲ್ಲ. ಒಳಗೆ ಹೆಜ್ಜೆ ಗುರುತು ಒಂದೂ ಇಲ್ಲ.

ಸೋಲಂಕಿ ನೆಲಕ್ಕೆ ಕೂತು ನೋಡಿದ. "ಸಾಹೇಬ್, ಒಳಗೆ ಬಂದೇ ಇಲ್ಲ. ಹೊರಗೆ ನಿಂತು ಎಳೆದಿದ್ದಾನೆ."

ಬಾಗಿಲ ಹಿಂದೆ ಭಟ್ಟರ ಛತ್ರಿ ನೇತಾಡುತ್ತಿತ್ತು. ಬಾಗಿದ ಹಿಡಿಯ ತುದಿಯಲ್ಲಿ ಬಿಳಿ ಪುಡಿ ಹತ್ತಿತ್ತು. ಕಟ್ಟಿನ ಗಂಟಿಗೆ ಹಿಡಿಯನ್ನು ಸಿಕ್ಕಿಸಿ ಎಳೆದಿದ್ದಾರೆ. ಛತ್ರಿಯನ್ನು ಜಪ್ತಿ ಮಾಡಿದರು. ಇಬ್ಬರು ಪಂಚರು ಸಹಿ ಹಾಕಿದರು.

"ನಾನು ಹೇಳ್ಲಿಲ್ವಾ," ಎಂದರು ಭಟ್ಟರು. "ಶಾಂತಾ ಬೆನ್ನಿಗೆ ದೇವರ ಕೋಣೆಗೆ ಪ್ರವೇಶ ಇಲ್ಲ. ಅದಕ್ಕೇ ಹೊರಗೆ ನಿಂತು ಎಳೆದಿದ್ದಾಳೆ."

ದೇಸಾಯಿಗೆ ಸಿಟ್ಟು ಬಂತು. ಆತನಿಗೆ ಸಿಟ್ಟು ಬರಲು ಬಹಳ ಹೊತ್ತು ಬೇಕಾಗುತ್ತಿರಲಿಲ್ಲ. "ಭಟ್ರ, ಕಳವು ಮಾಡಾಕ ಬಂದಾಕಿ, ಮನ್ಯಾಗ ಯಾರೂ ಇಲ್ಲದಾಗ, ನಿಮ್ಮ ಮಡಿ ಯಾಕ ಕಾಯ್ತಾಳ? ಬೆಳ್ಳಿ ದೀಪ ಬಿಟ್ಟು ಗಣಿತದ ಪೇಪರ್ ಯಾಕ ಒಯ್ತಾಳ? ನೀವು ಲೆಕ್ಕದ ಮಾಸ್ತರ್ ಹೌದಲ್ಲೋ?"

ಶಾಂತಾ ಬೆನ್ ಆ ಎರಡು ಗಂಟೆ ಪಕ್ಕದ ಸೊಸೈಟಿಯಲ್ಲಿ ಒಂದು ಸೀಮಂತದ ಮನೆಯ ಪಾತ್ರೆ ತೊಳೆಯುತ್ತಿದ್ದಳು. ನೋಡಿದವರು ಹತ್ತು ಜನ. ಅವಳನ್ನು ಠಾಣೆಗೆ ಕರೆಸಲೇ ಇಲ್ಲ.

ಸೋಲಂಕಿ ರಸ್ತೆಯಲ್ಲಿ ವಿಚಾರಿಸಿಕೊಂಡು ಬಂದ. ಎದುರಿನ ಕಬ್ಬಿನ ಹಾಲಿನ ಗಾಡಿಯವನು ಹನ್ನೊಂದರ ಸುಮಾರಿಗೆ ಒಬ್ಬ ಗಂಡಸನ್ನು ನೋಡಿದ್ದ. ಎತ್ತರದ ಆಳು, ಗಡ್ಡ ಕುರುಚಲು, ಹೆಗಲಲ್ಲಿ ಕ್ರಿಕೆಟ್ ಆಟಗಾರರು ಹೊರುವಂಥ ಉದ್ದನೆಯ ಕಿಟ್ ಬ್ಯಾಗ್. ಬರುವಾಗ ಹಗುರವಾಗಿದ್ದ ಬ್ಯಾಗ್ ಹೋಗುವಾಗ ಭಾರವಾಗಿತ್ತು. ಆಟೋ ಹತ್ತಿ ಬಸ್ ಸ್ಟ್ಯಾಂಡ್ ಕಡೆ ಹೋದ.

ದೇಸಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ರಮಾಮಣಿಯವರನ್ನು ಒಂದೇ ಪ್ರಶ್ನೆ ಕೇಳಿದ.

"ತಾಯಿ, ಯಾರೂ ತಡೀದಿದ್ರೂ ದೇವರ ಕೋಣಿ ಹೊಸ್ತಿಲು ದಾಟದವರು ಯಾರು?"

ಆಕೆ ಯೋಚನೆ ಮಾಡಲೂ ಇಲ್ಲ. "ಹೆಂಗಸಾದರೆ ಹೊರಗೆ ಕೂತವಳು. ಗಂಡಸಾದರೆ ಸೂತಕದವನು. ಮನೆಯಲ್ಲಿ ಸಾವಾಗಿ ಶುದ್ಧ ಆಗದವನು ದೇವರ ಹತ್ರ ಬರುವುದಿಲ್ಲ. ಊರಿನವರು ಯಾರೂ ಬರುವುದಿಲ್ಲ."

"ಕೀಲಿಕೈ ಜಾಗ, ಕಟ್ಟಿನ ಜಾಗ, ಎರಡೂ ಯಾರಿಗೆ ಗೊತ್ತು?"

ಆಕೆ ನೆನಪು ಮಾಡಿಕೊಂಡು ಹೇಳಿದರು. ಹತ್ತು ದಿನದ ಹಿಂದೆ, ಏಳನೆಯ ತಾರೀಕು ಭಾನುವಾರ, ವಡೋದರಾದ ಕನ್ನಡಿಗರ ಆಟೋಟ ಮತ್ತು ಊಟ ಇತ್ತು. ಮಜ್ಜಿಗೆಗೆ ದೊಡ್ಡ ಪಾತ್ರೆ ಸಾಲದೆ ಬಂದಾಗ ಇವರ ಮನೆಯಿಂದ ತರಲು ಮೂವರನ್ನು ಕಳಿಸಿದ್ದರು. ಆ ಪಾತ್ರೆ ದೇವರ ಕೋಣೆಯ ಮೂಲೆಯಲ್ಲೇ ಇರುತ್ತದೆ. ಹೋದವರು ಬ್ಯಾಂಕಿನ ಲಿಂಗರಾಜ. ಸೂರತ್ತಿನ ಹಜೀರಾದಿಂದ ಬಂದಿದ್ದ ರಘುರಾಮ. ಅದೇ ಹಜೀರಾದ ಕಾಲೊನಿ ಶಾಲೆಯ ಓಟದ ಕೋಚ್ ಗಣಪತಿ ನಾಯಕ.

ಲಿಂಗರಾಜ ಬುಧವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಬ್ಯಾಂಕಿನ ಕೌಂಟರಿನಲ್ಲೇ ಕೂತಿದ್ದ. ಅವನು ಕುಳ್ಳ ಬೇರೆ.

ಉಳಿದದ್ದು ಹಜೀರಾದ ಇಬ್ಬರು. ಆದರೆ ಯಾಕೆ ಎಂಬುದು ಗೊತ್ತಾಗಲಿಲ್ಲ. ಬೇರೆಯವರ ಮಕ್ಕಳು ಬರೆದ ಗಣಿತದ ಪೇಪರಿನಿಂದ ಯಾರಿಗೆ ಏನು ಸಿಗುತ್ತದೆ?

ಮರುದಿನ, ಗುರುವಾರ, ದೇಸಾಯಿ ಬೆಳಗಿನ ರೈಲಿಗೆ ಅಹಮದಾಬಾದಿಗೆ ಹೋದ. ಮಂಡಳಿಯ ಪರೀಕ್ಷಾ ವಿಭಾಗದ ಅಧಿಕಾರಿ ಊರ್ಮಿಳಾ ತ್ರಿವೇದಿ ಜ್ವರದಿಂದ ರಜೆಯಲ್ಲಿದ್ದರು. ಸ್ಯಾಟಲೈಟ್ ಬಡಾವಣೆಯ ಅವರ ಫ್ಲ್ಯಾಟಿಗೇ ಹೋಗಬೇಕಾಯಿತು. ಆಕೆ ಶಾಲು ಹೊದ್ದು ಸೋಫಾದ ಮೇಲೆ ಕೂತು, ಮೊದಲು ಅರ್ಧ ಗಂಟೆ, ಎಲ್ಲವೂ ಗುಪ್ತ, ಯಾವ ಕೇಂದ್ರದ ಪೇಪರ್ ಯಾರಿಗೆ ಹೋಗಿದೆ ಎಂದು ಹೇಳುವಂತಿಲ್ಲ ಎಂದರು.

"ಗುಪ್ತವಾಗಿ ಇಟ್ಟದ್ದೇ ಕಳುವಾಗಿದೆ ಮೇಡಂ," ಎಂದ ದೇಸಾಯಿ. "ಇನ್ನು ಯಾರಿಂದ ಮುಚ್ಚಿಡುತ್ತೀರಿ?"

ಆಕೆ ಕಚೇರಿಗೆ ಫೋನ್ ಮಾಡಿ ಕೇಳಿ ಹೇಳಿದರು. ಆ ಕಟ್ಟು ಸೂರತ್ ಜಿಲ್ಲೆಯದು. ಹಜೀರಾ ಕಡೆಯ ಎರಡು ಶಾಲೆಗಳ ಮಕ್ಕಳದು.

"ಕಟ್ಟು ಸಿಗದಿದ್ದರೆ ಏನು ಮಾಡುತ್ತೀರಿ?"

"ಸೋಮವಾರ ಸಭೆ ಇದೆ. ಸೋಮವಾರದೊಳಗೆ ಸಿಗದಿದ್ದರೆ ಎಂದಿನ ಪದ್ಧತಿ. ಉಳಿದ ವಿಷಯಗಳಲ್ಲಿ ಎಷ್ಟು ಬಂದಿದೆಯೋ ಅದರ ಸರಾಸರಿ ನೋಡಿ ಗಣಿತಕ್ಕೂ ಅಷ್ಟೇ ಅಂಕ."

"ಅಂದರೆ ಗಣಿತದಲ್ಲಿ ಸೊನ್ನೆ ಬರೆದವನೂ ಪಾಸು?"

"ಉಳಿದದ್ದರಲ್ಲಿ ಪಾಸಾಗಿದ್ದರೆ, ಹೌದು. ನೂರಕ್ಕೆ ನೂರು ಬರೆದವನಿಗೂ ಅರವತ್ತೇ ಬರಬಹುದು. ಅಲ್ಲಿನ ಕಾಲೊನಿ ಶಾಲೆಯಲ್ಲೇ ಒಬ್ಬ ಹುಡುಗನಿದ್ದಾನಂತೆ, ಎಂಜಿನಿಯರಿಂಗ್ ಸೀಟಿಗೆ ಗಣಿತವೊಂದನ್ನೇ ನಂಬಿಕೊಂಡಿರುವವನು. ಸುದ್ದಿ ಹೇಗೆ ಹೊರಬಿತ್ತೋ, ಅವನ ತಾಯಿ ಬೆಳಿಗ್ಗೆಯಿಂದ ನಮ್ಮ ಕಚೇರಿಗೆ ಫೋನ್ ಮಾಡುತ್ತಿದ್ದಾಳೆ." ಆಕೆ ಶಾಲು ಬಿಗಿಯಾಗಿ ಎಳೆದುಕೊಂಡರು. "ಈ ಪದ್ಧತಿ ಶಾಲೆಗಳಲ್ಲಿ ಎಲ್ಲರಿಗೂ ಗೊತ್ತು. ಹಿಂದೆ ಒಮ್ಮೆ ಪೇಪರ್ ತುಂಬಿದ ಜೀಪು ಕಾಲುವೆಗೆ ಬಿದ್ದಿತ್ತು. ಆಗಲೂ ಹೀಗೇ ಮಾಡಿದ್ದೆವು."

ಉದ್ದೇಶ ಸಿಕ್ಕಿತು. ಗಣಿತದಲ್ಲಿ ಫೇಲಾಗುವ ಒಂದು ಮಗು, ಆ ಮಗುವಿಗಾಗಿ ಯಾರೋ. ಆದರೆ ಮಂಡಳಿಯ ಅಷ್ಟೊಂದು ಕಟ್ಟುಗಳಲ್ಲಿ ಆ ಮಗುವಿನ ಪೇಪರ್ ಇದೇ ಕಟ್ಟಿನಲ್ಲಿದೆ ಎಂದು ಕಳ್ಳನಿಗೆ ತಿಳಿದದ್ದು ಹೇಗೆ?

ಸಂಜೆ ನಾಲ್ಕಕ್ಕೆ ದೇಸಾಯಿ ಮತ್ತೆ ಭಟ್ಟರ ಮುಂದೆ ಕೂತಿದ್ದ. ಆಟೋಟದ ದಿನ ಈ ಪೇಪರುಗಳ ವಿಷಯ ಯಾರ ಹತ್ತಿರವಾದರೂ ಮಾತಾಡಿದ್ದಿರಾ ಎಂದು ಕೇಳಿದ. ಭಟ್ಟರು ಇಲ್ಲ ಎಂದರು. ಎರಡನೆಯ ಸಲ ಕೇಳಿದಾಗ ನೆನಪಿಲ್ಲ ಎಂದರು. ಮೂರನೆಯ ಸಲ ರಮಾಮಣಿಯವರೇ ಒಳಗಿನಿಂದ ಬಂದು, "ಹೇಳಿ, ಎಲೆಯ ಮುಂದೆ ಕೂತು ಎಲ್ಲರನ್ನೂ ನಗಿಸಿದ್ದಲ್ಲವಾ," ಎಂದರು.

ಭಟ್ಟರು ತಲೆ ತಗ್ಗಿಸಿಕೊಂಡು ಹೇಳಿದರು. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ತಮಾಷೆಗೆಂದು ಹೇಳಿದ್ದು. ಯಾವುದೋ ಒಂದು ಪೇಪರಿನಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಅರ್ಧ ಬಿಟ್ಟು ಓಟದ ಮೈದಾನದ ಚಿತ್ರ ಬರೆದಿದ್ದಾರೆ. ಹೊರಗಿನ ಲೇನಿನಲ್ಲಿ ಓಡುವವರನ್ನು ಒಳಗಿನವರಿಗಿಂತ ಎಷ್ಟು ಮುಂದೆ ನಿಲ್ಲಿಸಬೇಕು ಎಂದು ಒಂದೊಂದು ಲೇನಿಗೂ ಲೆಕ್ಕ ಹಾಕಿದ್ದಾರೆ.

"ಲೆಕ್ಕ ಸರಿ ಉಂಟು ಸಾರ್. ಆದರೆ ಅದು ನಾವು ಕೇಳಿದ್ದಲ್ಲ. ಎಂತ ಮಾಡುದು, ಅಂಕ ಕೊಡ್ಲಿಕ್ಕೆ ಬರುದಿಲ್ಲ."

"ಪಂಕ್ತಿಯೊಳಗ ನಿಮ್ಮ ಬಾಜೂ ಕೂತವರು ಯಾರು?"

"ಈ ಬದಿ ರಘುರಾಮ. ಆ ಬದಿ ಗಣಪತಿ."

ದೇಸಾಯಿ ಬೈಯಬೇಕೆಂದು ಬಾಯಿ ತೆರೆದವನು ಸುಮ್ಮನಾದ. ಎದುರಿಗಿದ್ದ ಮನುಷ್ಯ ಆಗಲೇ ಅರ್ಧ ಸತ್ತಿದ್ದ. ಮಂಡಳಿಯಿಂದ ಅಮಾನತಿನ ಪತ್ರ ಬರುವುದೊಂದೇ ಬಾಕಿ.

ಹೊರಡುವ ಮುಂಚೆ ರಮಾಮಣಿಯವರ ಹತ್ತಿರ ದೇಸಾಯಿ ಒಂದು ಸಹಾಯ ಕೇಳಿದ. ದೇವರಿಗೆ ನೈವೇದ್ಯ ಮಾಡಿದ ಪಂಚಕಜ್ಜಾಯ ಒಂದು ಡಬ್ಬಿ ಬೇಕು. ಆಕೆ ಯಾಕೆಂದು ಕೇಳಲಿಲ್ಲ. ಡಬ್ಬಿ ಕೈಗಿಡುವಾಗ ಮಾತ್ರ, ಅದು ಯಾವ ಪರೀಕ್ಷೆಗೆಂದು ಹೊಳೆದು, ಆಕೆಯ ಮುಖ ಬಿಳಿಚಿತು.

೧೯ನೆಯ ತಾರೀಕು, ಶುಕ್ರವಾರ. ದೇಸಾಯಿ ಮತ್ತು ಸೋಲಂಕಿ ಮಫ್ತಿಯಲ್ಲಿ ಸೂರತ್ತಿಗೆ ಹೋಗಿ, ಸ್ಥಳೀಯ ಠಾಣೆಗೆ ತಿಳಿಸಿ, ಅಲ್ಲಿಂದ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಕರೆದುಕೊಂಡು ಮಧ್ಯಾಹ್ನ ಮೂರಕ್ಕೆ ಹಜೀರಾ ಮುಟ್ಟಿದರು. ಕಾರ್ಖಾನೆಯ ಚಿಮಣಿಗಳ ಈಚೆ ಕಾಲೊನಿ. ಉಪ್ಪುಗಾಳಿಗೆ ಎಲ್ಲ ಕಿಟಕಿಗಳ ಸರಳು ತುಕ್ಕು ಹಿಡಿದಿದ್ದವು.

ರಘುರಾಮ ಕಾಲೊನಿಯ ಕ್ಯಾಂಟೀನ್ ನಡೆಸುತ್ತಿದ್ದ. ಕುಂದಾಪುರದ ಕಡೆಯವನು. ಮನೆಯಲ್ಲಿ ಹೆಂಡತಿ ರುಕ್ಮಿಣಿ, ಮಗಳು ವಿಂಧ್ಯಾ. ವಿಂಧ್ಯಾಳಿಗೆ ಹದಿನೇಳು ತುಂಬಿತ್ತು. ಎಂಟುನೂರು ಮೀಟರ್ ಓಟದಲ್ಲಿ ರಾಜ್ಯಕ್ಕೆ ಮೊದಲು. ಜನವರಿಯ ಕೂಟದಲ್ಲಿ ಅಮೆರಿಕದ ಒಂದು ಕಾಲೇಜಿನ ಕೋಚ್ ಅವಳ ಓಟ ನೋಡಿ ಕರೆ ಕೊಟ್ಟಿದ್ದ. ಓದು, ಊಟ, ವಸತಿ ಎಲ್ಲ ಅವರದೇ.

ದೇಸಾಯಿ ತಾನು ಯಾರೆಂದು ಹೇಳಿದ. ರಘುರಾಮನ ಮುಖದಲ್ಲಿ ಹೆದರಿಕೆ ಕಂಡಿತು. ಪೊಲೀಸರನ್ನು ಕಂಡರೆ ತಪ್ಪಿಲ್ಲದವನೂ ಹೆದರುತ್ತಾನೆ, ಅದಕ್ಕೆ ಬೆಲೆಯಿಲ್ಲ.

"ಓಡಿದರೆ ಸಾಕು ಅಂತ ನಾವು ಎಣಿಸಿದ್ದು ಸಾರ್," ಎಂದ ರಘುರಾಮ. "ಆಮೇಲೆ ಗೊತ್ತಾಯ್ತು, ಸಾಲುದಿಲ್ಲ. ಅಲ್ಲಿ ಕಾಲೇಜು ಆಟಗಳಿಗೆಲ್ಲ ಒಂದು ಸಂಘ ಉಂಟಂತೆ, ಅವರ ಕಾನೂನು. ಶಾಲೆಯಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ ಇಷ್ಟಿಷ್ಟು ಓದಿ ಪಾಸಾಗಿರಬೇಕು. ಒಂದು ಹೋದರೂ ಮೈದಾನಕ್ಕೆ ಕಾಲು ಇಡ್ಲಿಕ್ಕಿಲ್ಲ. ಜೂನ್ ಒಳಗೆ ಬೋರ್ಡಿನ ಮಾರ್ಕ್ಸ್ ಕಳಿಸಬೇಕು, ಇಲ್ಲದಿದ್ರೆ ಸೀಟು ಬೇರೆಯವರಿಗೆ."

"ಗಣಿತ ಹೆಂಗ ಬರದೀ?" ದೇಸಾಯಿ ಹುಡುಗಿಯನ್ನು ಕೇಳಿದ.

ಅವಳ ಕನ್ನಡ ಮೂರು ಭಾಷೆಗಳ ಕಲಸುಮೇಲೋಗರ. "ಅಚ್ಛಾ ನಹೀ ಹುವಾ ಅಂಕಲ್. ನನಗೆ ಆಧಾ ಆನ್ಸರ್ ಬಂದಿಲ್ಲ. ಟೈಮ್ ಉಳಿದಿತ್ತು, ಖಾಲಿ ಕೂತ್ಕೊಳ್ಳೋಕೆ ಶರ್ಮ್ ಆಯ್ತು. ನನಗೆ ಬರೋ ಹಿಸಾಬ್ ಬರೆದೆ. ಟ್ರ್ಯಾಕ್‌ದು."

"ಇದನ್ನ ಯಾರಿಗರ ಹೇಳಿದ್ದೇನು?"

"ಯಾರಿಗೂ ಇಲ್ಲ. ಪಪ್ಪಾಗೆ ಕೂಡ ಇಲ್ಲ."

ರಘುರಾಮ ಮಗಳನ್ನು ನೋಡಿದ ರೀತಿಯಲ್ಲೇ ಅವನಿಗೆ ಇದು ಹೊಸ ಸುದ್ದಿ ಎಂದು ತಿಳಿಯಿತು. ಭಟ್ಟರ ಪಂಕ್ತಿಯ ತಮಾಷೆಗೆ ಅವನೂ ನಕ್ಕಿದ್ದ. ತನ್ನ ಮಗಳ ಪೇಪರಿಗೇ ನಕ್ಕೆ ಎಂದು ಈಗ ಗೊತ್ತಾಗುತ್ತಿತ್ತು.

ದೇಸಾಯಿ ಡಬ್ಬಿ ತೆಗೆದು ಭಟ್ಟರ ಮನೆಯ ಪ್ರಸಾದ ಎಂದ. ರಘುರಾಮ ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡ. ರುಕ್ಮಿಣಿಯೂ ತೆಗೆದುಕೊಂಡಳು. ವಿಂಧ್ಯಾ ನಿಂತಲ್ಲೇ ತಿಂದು, ಅಭ್ಯಾಸಕ್ಕೆ ಹೊತ್ತಾಯಿತೆಂದು ಹೊರಟಳು.

"ಓಟದ ಆ ಲೆಕ್ಕ ನಿನಗ ಕಲಿಸಿದವರು ಯಾರವ್ವ?"

"ಗಣಪತಿ ಸರ್," ಎಂದಳು ಬೂಟಿನ ದಾರ ಕಟ್ಟುತ್ತ.

ಮೈದಾನ ಕಾಲೊನಿಯ ಹಿಂದಿತ್ತು. ಸುಣ್ಣದ ಗೆರೆ ಎಳೆದ ಮಣ್ಣಿನ ಟ್ರ್ಯಾಕ್. ಐದೂವರೆಗೆ ಅವಳು ಓಡುತ್ತಿದ್ದಳು. ಗೆರೆಯ ಬಳಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದವನು ಎತ್ತರದ ಆಳು. ಗಡ್ಡ ಒಂದು ವಾರದ್ದು. ವಯಸ್ಸು ನಲವತ್ತೈದರ ಆಸುಪಾಸು, ಆದರೆ ಕಾಲು ಇನ್ನೂ ಓಟಗಾರನದೇ. ಸೋಲಂಕಿ ಉಗ್ರಾಣದ ಬಾಗಿಲ ಕಡೆ ಸರಿದ. ಇಬ್ಬರು ಕಾನ್‌ಸ್ಟೇಬಲ್‌ಗಳು ಗೇಟಿನಲ್ಲಿ ನಿಂತರು.

"ಅಂಕೋಲಾದವರಂತ?" ದೇಸಾಯಿ ಮಾತು ತೆಗೆದ.

"ಹೌದು. ನೀವು?"

"ಬಾಗಲಕೋಟಿ. ವಡೋದರಾದಿಂದ ಬಂದೀನಿ. ಭಟ್ಟರ ಮನ್ಯಾಗಿಂದ ಪ್ರಸಾದ ಕೊಟ್ಟಾರ. ತಗೋರಿ."

ಗಣಪತಿಯ ಬಲಗೈ ಅರ್ಧ ಎದ್ದು ಹಾಗೆಯೇ ಕೆಳಗಿಳಿಯಿತು.

"ಸ್ನಾನ ಆಗಲಿಲ್ಲ. ಆಮೇಲೆ ತಕ್ಕೊಳ್ತೆ. ಅಲ್ಲಿಡಿ."

"ಸ್ನಾನ ಆಗದಿದ್ರ ಪ್ರಸಾದ ಯಾರೂ ಬ್ಯಾಡ ಅನ್ನೂದಿಲ್ಲ." ದೇಸಾಯಿ ಡಬ್ಬಿ ಮುಚ್ಚಿದ. ದನಿ ಎತ್ತರಿಸಲಿಲ್ಲ. "ಯಾರು ತೀರಿಕೊಂಡ್ರು?"

ಗಣಪತಿ ಸ್ಟಾಪ್‌ವಾಚ್ ನೋಡಿದ. ವಿಂಧ್ಯಾ ಆಚೆ ತಿರುವಿನಲ್ಲಿದ್ದಳು.

"ಅವ್ವ."

"ಯಾವಾಗ?"

"ಶನಿವಾರ ತಂತಿ ಬಂತು."

"ಊರಿಗೆ ಹೋಗಲಿಲ್ಲ?"

"ತಮ್ಮ ಇದ್ದ. ಅವನೇ ಕೊಳ್ಳಿ ಇಟ್ಟ."

"ಹೆತ್ತ ತಾಯಿ. ನೀವು ಯಾಕ ಹೋಗಲಿಲ್ಲ?"

"ಬುಧವಾರ ಕೆಲಸ ಇತ್ತು."

ಹೇಳಿದ ಮೇಲೆ ಅವನಿಗೇ ತಾನು ಏನು ಹೇಳಿದೆ ಎಂದು ತಿಳಿಯಿತು. ದೇಸಾಯಿ ಜೇಬಿನಿಂದ ಗುರುತಿನ ಕಾರ್ಡು ತೆಗೆದು ತೋರಿಸಿದ. ಗಣಪತಿ ಅದನ್ನು ನೋಡಲೂ ಇಲ್ಲ. ಟ್ರ್ಯಾಕಿನ ಕಡೆ ನೋಡುತ್ತಿದ್ದ.

"ಅವಳು ಈ ಸುತ್ತು ಮುಗಿಸ್ಲಿ," ಎಂದ. "ಅವಳ ಎದುರಿಗೆ ಬೇಡ."

ದೇಸಾಯಿ ನಿಂತ. ಯಾಕೆ ನಿಂತೆನೆಂದು ಆಮೇಲೆ ಅವನಿಗೂ ಸರಿಯಾಗಿ ಗೊತ್ತಾಗಲಿಲ್ಲ. ಹುಡುಗಿ ಕೊನೆಯ ನೇರ ದಾರಿಯಲ್ಲಿ ಹಲ್ಲು ಕಚ್ಚಿ ಓಡಿ ಬಂದು ಗೆರೆ ದಾಟಿದಳು. ಗಣಪತಿ ಗುಂಡಿ ಒತ್ತಿ ಸಮಯ ಕೂಗಿದ, ಹೋದ ವಾರಕ್ಕಿಂತ ಚೂರು ಕಡಿಮೆ. ಇವತ್ತಿಗೆ ಸಾಕು, ಮನೆಗೆ ಹೋಗು, ನೀರು ನಿಧಾನ ಕುಡಿ ಎಂದ. ಅವಳು ಹೋದ ಮೇಲೆ ಸ್ಟಾಪ್‌ವಾಚನ್ನು ಕೊರಳಿಂದ ತೆಗೆದು ಉಗ್ರಾಣದ ಕೀಲಿಕೈಯ ಜೊತೆ ದೇಸಾಯಿಯ ಕೈಗೆ ಕೊಟ್ಟ.

ಕಟ್ಟು ಎತ್ತರ ಜಿಗಿತದ ಹಾಸಿಗೆಗಳ ಕೆಳಗೆ ಕಿಟ್ ಬ್ಯಾಗಿನೊಳಗೇ ಇತ್ತು. ಶಾಲೆಯ ಹೆಡ್‌ಮಾಸ್ಟರ್ ಮತ್ತು ಕಾಲೊನಿಯ ಕಾವಲುಗಾರ ಪಂಚರು. ಆರು ಹತ್ತಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಭಟ್ಟರು ಹಾಕಿದ್ದ ಗಂಟು ಹಾಗೆಯೇ ಇತ್ತು.

"ಬಿಚ್ಚಲಿಲ್ಲ ಯಾಕ?" ದೇಸಾಯಿ ಕೇಳಿದ.

"ಬಿಚ್ಚಿದ್ರೆ ಅವಳದ್ದೊಂದೇ ತೆಗೆಯೂವಾ ಅನಿಸ್ತಿತ್ತು. ಒಂದೇ ಹೋದ್ರೆ ಅವಳ ಮೇಲೇ ಬರ್ತದೆ. ಎಲ್ಲಾ ಹೋದ್ರೆ ಯಾರ ಮೇಲೂ ಬರೂದಿಲ್ಲ."

"ಸುಡಲಿಲ್ಲ ಯಾಕ?"

"ಮಕ್ಕಳು ಬರೆದದ್ದು. ಕಡ್ಡಿ ಗೀರೂಕೆ ಆಗಲಿಲ್ಲ. ಬೋರ್ಡಿನವರು ಸರಾಸರಿ ನೋಡಿ ಮಾರ್ಕ್ಸ್ ಕೊಟ್ಟ ಮೇಲೆ ಭಟ್ಟರ ಬಾಗಿಲಲ್ಲಿ ಇಟ್ಟು ಬರೂವಾ ಅಂತಿದ್ದೆ."

ಅಲ್ಲಿಯವರೆಗೆ ತಡೆದಿದ್ದ ಸಿಟ್ಟು ದೇಸಾಯಿಗೆ ಆಗ ಬಂತು. "ನೂರರವತ್ತು ಮಕ್ಕಳ ಪೇಪರ್ ಒಯ್ದೀರಿ. ಇದೇ ಕಾಲೊನ್ಯಾಗ ಒಬ್ಬ ಹುಡುಗ ಗಣಿತವೊಂದನ್ನ ನಂಬಿಕೊಂಡು ಕೂತಾನ. ಅವರವ್ವ ಬೋರ್ಡಿಗೆ ಫೋನ್ ಮಾಡಿ ಮಾಡಿ ಸಾಯಾಕತ್ಯಾಳ. ಅವ ಓಡೂದಿಲ್ಲ ಅಂತ ಅವ ಮಗ ಅಲ್ಲೇನು? ಇಷ್ಟು ಮಾಡಾಕ ಹಿಂಜರೀಲಿಲ್ಲ, ಒಂದು ಹೊಸ್ತಿಲು ದಾಟಾಕ ಹಿಂಜರಿದ್ರಿ."

ಗಣಪತಿ ಎರಡು ಕೈಯನ್ನೂ ಮೊಣಕಾಲಿನ ಮೇಲಿಟ್ಟು ಕೂತಿದ್ದ. "ಅದು ಅವರ ದೇವರು ಸಾರ್. ಆ ಮನೆ ಊಟ ಮಾಡಿದವ ನಾನು. ಮೈಲಿಗೆ ಮಾಡೂಕೆ ಮನಸ್ಸು ಬರಲಿಲ್ಲ."

ಆರೂವರೆಗೆ ಬಂಧನ ದಾಖಲಾಯಿತು.

ವಡೋದರಾಕ್ಕೆ ಹೋಗುವ ಜೀಪಿನಲ್ಲಿ ಅವನು ಹೆಚ್ಚು ಮಾತಾಡಲಿಲ್ಲ. ಕೇಳಿದ್ದಕ್ಕೆ ಮಾತ್ರ ಹೇಳಿದ. ೧೯೭೦ರ ಸುಮಾರಿಗೆ ಅವನು ಕಾರವಾರ ಜಿಲ್ಲೆಯಲ್ಲಿ ಒಂದು ಮೈಲಿಯ ಓಟಕ್ಕೆ ಮೊದಲಿಗ. ಧಾರವಾಡದ ಒಂದು ಕಾಲೇಜಿನವರು ಬಂದು ನೋಡಿ ಒಪ್ಪಿದ್ದರು. ಆದರೆ ಕಾಲೇಜು ಕೂಟದಲ್ಲಿ ಓಡಬೇಕಾದರೆ ಕಾಲೇಜು ಸೇರಿರಬೇಕು, ಸೇರಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಗಣಿತದಲ್ಲಿ ಎರಡು ಸಲ ಹೋಯಿತು. ಪ್ರತಿ ಸಲವೂ ಅವನ ಹಿಂದೆ ಎರಡನೆಯವನಾಗಿ ಬರುತ್ತಿದ್ದವನು ಪಾಸಾಗಿ ಹೋಗಿ, ಓಡಿ, ಪದಕ ಗೆದ್ದು, ಸರ್ಕಾರಿ ನೌಕರಿ ಹಿಡಿದ. ಗಣಪತಿ ಮುಂಬಯಿಗೆ ಹೋಗಿ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು, ಅಲ್ಲಿಂದ ಹಜೀರಾಕ್ಕೆ ಬಂದ. ಕೋಚ್ ಎಂಬುದು ಬಾಯಿಮಾತಿನ ಹುದ್ದೆ. ಕಾಗದದಲ್ಲಿ ಅವನು ಮೈದಾನ ನೋಡಿಕೊಳ್ಳುವ ಕೂಲಿಯಾಳು.

ಸೋಲಂಕಿಗೆ ಅಷ್ಟು ಸಾಕಾಯಿತು. ತನಗೆ ಸಿಗದ್ದು ಹುಡುಗಿಗೆ ಸಿಗಲಿ ಎಂದು ಮಾಡಿದ್ದಾನೆ, ಹೇಳಿಕೆಯಲ್ಲಿ ಹಾಗೇ ಬರೆಯೋಣ ಸಾಹೇಬ್ ಎಂದ. ದೇಸಾಯಿ ಬರಿ ಎಂದ. ಆದರೆ ಅದು ಪೂರ್ತಿ ಅನಿಸಲಿಲ್ಲ. ಆ ದುಃಖ ಇಪ್ಪತ್ತಾರು ವರ್ಷ ಹಳೆಯದು. ಹಳೆಯ ದುಃಖಕ್ಕೆ ಯಾರೂ ತಾಯಿಯ ಹೆಣ ಬಿಟ್ಟು ಕಳವಿಗೆ ಹೋಗುವುದಿಲ್ಲ.

೨೦ನೆಯ ತಾರೀಕು, ಶನಿವಾರ ಬೆಳಿಗ್ಗೆ, ಮಂಡಳಿಯ ಅಧಿಕಾರಿಗಳ ಎದುರು ಠಾಣೆಯಲ್ಲಿ ಕಟ್ಟು ಬಿಚ್ಚಿದರು. ಭಟ್ಟರನ್ನು ಕರೆಸಿದ್ದರು. ಎಣಿಕೆ ಸರಿ ಇತ್ತು. ಜ್ವರ ಇಳಿಯದಿದ್ದರೂ ಬಂದಿದ್ದ ಊರ್ಮಿಳಾ ತ್ರಿವೇದಿ ಪ್ರತಿಯೊಂದರ ಮೇಲಿನ ಅಂಕವನ್ನೂ ಓದಿ ಬರೆಸಿದರು. ಎಂಜಿನಿಯರಿಂಗ್ ಕನಸಿನ ಆ ಹುಡುಗನಿಗೆ ತೊಂಬತ್ತಾರು ಬಂದಿತ್ತು. ಮೈದಾನದ ಚಿತ್ರವಿದ್ದ ಪೇಪರ್ ಬಂದಾಗ ಆಕೆ ಒಂದು ಗಳಿಗೆ ಅದನ್ನೇ ನೋಡಿ, ಅಂಕ ಓದಿ, ಪಕ್ಕಕ್ಕಿಟ್ಟರು. ದೇಸಾಯಿ ಎದುರಿಗೇ ನಿಂತಿದ್ದ.

ಮಧ್ಯಾಹ್ನ ಕೋರ್ಟಿಗೆ ಕರೆದೊಯ್ಯುವ ಮುಂಚೆ ಅವನು ಲಾಕಪ್ಪಿನ ಬಳಿಗೆ ಹೋದ. ಗಣಪತಿ ಎದ್ದು ನಿಂತು ಒಂದೇ ಮಾತು ಕೇಳಿದ.

"ಎಷ್ಟು ಬಂದದೆ?"

ಹೇಳುವಂತಿರಲಿಲ್ಲ. ಫಲಿತಾಂಶ ಪ್ರಕಟವಾಗುವವರೆಗೆ ಅದು ಗುಪ್ತ. ದೇಸಾಯಿ ಸೋಲಂಕಿಗೆ ಆಚೆ ಹೋಗು ಎಂದು ಕಣ್ಣಲ್ಲೇ ಹೇಳಿದ.

"ಇಪ್ಪತ್ತೊಂಬತ್ತು."

ಪಾಸಾಗಲು ಮೂವತ್ತೈದು. ಗಣಪತಿಯ ತುಟಿ ಸ್ವಲ್ಪ ಅಲುಗಿತು.

"ಆರು," ಎಂದ. ಸರಳುಗಳನ್ನು ಹಿಡಿದುಕೊಂಡ. "ನವೆಂಬರಿನ ತನಕ ಅವಳು ಟ್ಯೂಷನ್ನಿಗೆ ಹೋಗ್ತಿದ್ದಳು ಸಾರ್. ಸಂಜೆ ಹೊತ್ತು. ಜನವರಿ ಕೂಟಕ್ಕೆ ಅಮೆರಿಕದವನು ಬರ್ತಾನೆ ಅಂತ ಗೊತ್ತಾದಾಗ ಸಂಜೆಯೂ ಓಡಿಸಬೇಕು ಅಂತ ನಾನೇ ಬಿಡಿಸಿದೆ. ಅವಳು ಕೇಳಿದಳು, ಸರ್, ಗಣಿತ ಹೋದ್ರೆ? ನಾನು ಹೇಳಿದೆ, ಪುಸ್ತಕ ಕಾಯ್ತದೆ ಮಗಾ, ಕಾಲು ಕಾಯೂದಿಲ್ಲ."

ದೇಸಾಯಿ ಜೇಬಿನಿಂದ ಲಾಕಪ್ಪಿನ ಕೀಲಿಕೈ ತೆಗೆದ.

"ಅಮೆರಿಕದವರ ಕಾನೂನಿನ ಕಾಗದ ಬಂದದ್ದು ಫೆಬ್ರವರಿಯಲ್ಲಿ," ಎಂದ ಗಣಪತಿ. "ಹೆಡ್‌ಮಾಸ್ಟರು ಓದಿ ಹೇಳಿದ್ರು. ಗಣಿತ ಅಂದ ಕೂಡಲೇ ನನಗೆ ಗೊತ್ತಾಯ್ತು. ಅವಳು ನಕ್ಕಳು. ಏನೂ ಆಗೂದಿಲ್ಲ ಸರ್ ಅಂತ ನನಗೇ ಸಮಾಧಾನ ಹೇಳಿದಳು."

ವ್ಯಾನು ಬಂತು. ದೇಸಾಯಿ ಬೀಗ ತೆಗೆದು ಅವನನ್ನು ಹೊರಗೆ ಕರೆದ.